ಒಳಮನೆಯ ಕಾವಲುಗಾರರು

1980ರ ದಶಕದ ಆರಂಭದ ಮಾತು. ಅಮೆರಿಕದ ಷಿಕಾಗೊ ನಗರದಲ್ಲಿ ರಿಚರ್ಡ್ ಷ್ವಾರ್ಟ್ಸ್ ಎಂಬ ಚಿಕಿತ್ಸಕರು, ಅಂಕೆಮೀರಿ ತಿನ್ನುವ ವ್ಯಾಧಿಗೆ ತುತ್ತಾದ ಯುವಜನರಿಗೆ ಚಿಕಿತ್ಸೆ ನೀಡುತ್ತಿದ್ದರು. ಕುಟುಂಬದೊಳಗಿನ ವಿರಸವನ್ನು ತಿದ್ದಿದರೆ ವ್ಯಾಧಿಯೂ ವಾಸಿಯಾಗುವುದೆಂದು ಅವರು ನಂಬಿದ್ದರು. ಆದರೆ ಅಷ್ಟೇ ಸಾಲದಾಯಿತು. ರೋಗಿಗಳು ತಮ್ಮೊಳಗೇ ಒಂದು ಸಂಸಾರವಿರುವಂತೆ ಮಾತನಾಡುತ್ತಿದ್ದರು: ಒಂದು ಭಾಗ ಸದಾ ಹಳಿಯುತ್ತದೆ, ಇನ್ನೊಂದು ಮಗುವಿನಂತೆ ನೋಯುತ್ತದೆ, ಮತ್ತೊಂದು ಆ ನೋವನ್ನು ಅಡಗಿಸಲು ತಿನ್ನಿಸುತ್ತದೆ.

ಒಬ್ಬ ತರುಣಿಯು ತನ್ನ ದೇಹವನ್ನು ತಾನೇ ನೋಯಿಸಿಕೊಳ್ಳುತ್ತಿದ್ದಳು. ಹಾಗೆ ಪ್ರೇರಿಸುವ ಭಾಗವನ್ನು ಷ್ವಾರ್ಟ್ಸ್ ಹಟ ಹಿಡಿದು ಮಣಿಸಲು ಯತ್ನಿಸಿದರು. ಮುಂದಿನ ಭೇಟಿಗೆ ಅವಳು ಇನ್ನೂ ದೊಡ್ಡ ಗಾಯದೊಡನೆ ಬಂದಳು. ಚಿಕಿತ್ಸಕರು ಸೋಲೊಪ್ಪಿ, ಏಕೆ ಹೀಗೆ ಮಾಡುತ್ತಿರುವೆಯೆಂದು ಆ ಭಾಗವನ್ನೇ ಕುತೂಹಲದಿಂದ ಕೇಳಿದರು. ಬಾಲ್ಯದಲ್ಲಿ ಅವಳು ದೌರ್ಜನ್ಯಕ್ಕೆ ಗುರಿಯಾದಾಗ ಅವಳನ್ನು ಕಾಪಾಡಿದುದು ಅದೇ ಎಂಬುದು ಆಗ ತಿಳಿಯಿತು. ಶತ್ರುವೆಂದು ಬಗೆದದ್ದು ದಣಿದ ಕಾವಲುಗಾರನಾಗಿತ್ತು!

ಇಂತಹ ಅನುಭವಗಳಿಂದ ರೂಪುಗೊಂಡ ಪದ್ಧತಿಯನ್ನು ಅವರು 1995ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದರು. ನೊಂದು ಮೂಲೆ ಸೇರಿದ ಭಾಗಗಳಿಗೆ ಅಲ್ಲಿ ‘ಗಡೀಪಾರಾದವರು’ ಎಂದು ಹೆಸರು. ಅವರ ಬಳಿಗೆ ನೇರವಾಗಿ ನುಗ್ಗುವಂತಿಲ್ಲ. ಮೊದಲು ಕಾವಲುಗಾರರ ಅನುಮತಿ ಬೇಕು. ಅನಂತರ ರೋಗಿಯೇ, ಚಿಕಿತ್ಸಕರ ನೆರವಿನಿಂದ, ನೊಂದ ಭಾಗದ ಕಥೆಯನ್ನು ಕರುಣೆಯಿಂದ ಆಲಿಸಬೇಕು. ಈ ಭಾಗಗಳೇನೂ ಮೆದುಳಿನಲ್ಲಿ ಬೆರಳಿಟ್ಟು ತೋರಿಸಬಹುದಾದ ವಸ್ತುಗಳಲ್ಲ. ಪದ್ಧತಿಯ ಫಲವನ್ನು ಅಳೆಯುವ ಸಂಶೋಧನೆಯೂ ಇನ್ನೂ ಸಾಕಷ್ಟು ಆಗಿಲ್ಲ.

ಕಾವಲುಗಾರನನ್ನು ಚಿಕಿತ್ಸಕರು ಕೇಳುವ ಪ್ರಶ್ನೆಯೊಂದುಂಟು: ‘ಇವಳಿಗೆ ಈಗ ಎಷ್ಟು ವಯಸ್ಸೆಂದು ತಿಳಿದಿರುವೆ?’ ಅದು ಎಳೆಯ ಮಗುವಿನ ವಯಸ್ಸನ್ನು ಹೇಳುವುದು ಅಪರೂಪವಲ್ಲ. ಅವಳು ಬೆಳೆದಿರುವಳೆಂಬ ಸುದ್ದಿಯೇ ಅದಕ್ಕೆ ಮುಟ್ಟಿರುವುದಿಲ್ಲ.