ಅಗ್ಗದ ಫೋನಿಗೂ ಒಂದು ಬೀಗ

ತಿರುಪ್ಪೂರಿನ ಬನಿಯನ್ ಕಂಪನಿಗೆ ಕೆಲಸಕ್ಕೆ ಹೋಗುವ ಅಕ್ಕನ ಫೋನಿನಲ್ಲಿ ಏನೇನಿರುತ್ತದೆ, ಯೋಚಿಸಿ ನೋಡಿ. ಆಧಾರ್ ಕಾರ್ಡಿನ ಫೋಟೋ, ಸಂಬಳದ ಮೆಸೇಜು, ಮನೆಯವರ ಚಿತ್ರಗಳು. ಕೊಯಮತ್ತೂರಿನ ಬಸ್ಸಿನಲ್ಲಿ ಫೋನು ಕಳೆದುಹೋದರೆ? ಸಿಕ್ಕಿದವರು ಮೆಮೊರಿಯನ್ನೇ ಬಿಚ್ಚಿ ಓದಿದರೂ ಅರ್ಥವಾಗಬಾರದು. ಅದಕ್ಕೇ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಇಡುತ್ತಾರೆ.

ಆಂಡ್ರಾಯ್ಡ್ ಫೋನಿನಲ್ಲಿ ಈ ಕೆಲಸ ಮಾಡುವುದು ಲಿನಕ್ಸ್ ಕರ್ನೆಲ್. ಯಂತ್ರಕ್ಕೂ ಆ್ಯಪ್‌ಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ತಂತ್ರಾಂಶ ಇದು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದರು. ಇದರ ಕೋಡ್ ಮುಕ್ತ, ನೀವೂ ಓದಬಹುದು. ಕಳ್ಳನೂ ಓದುತ್ತಾನಲ್ಲ ಅಂತೀರಾ? ಓದಲಿ. ಗುಟ್ಟಾಗಿರಬೇಕಾದದ್ದು ಕೀಲಿ ಮಾತ್ರ.

ಹೆಚ್ಚು ಬಳಕೆಯ ವಿಧಾನ ಎಇಎಸ್. ದುಬಾರಿ ಪ್ರೊಸೆಸರುಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಏರ್ಪಾಡಿದೆ. ಕಾರ್ಟೆಕ್ಸ್ ಎ7ರಂಥ ಅಗ್ಗದವುಗಳಲ್ಲಿ ಇಲ್ಲ, ಫೋನು ತೆವಳುತ್ತದೆ. ಹಾಗಾಗಿ ಸೆಕೆಂಡಿಗೆ ಸುಮಾರು 50 ಎಂಬಿ ವೇಗ ಮುಟ್ಟದ ಫೋನುಗಳಿಗೆ ಗೂಢಲಿಪಿಯಿಂದಲೇ ವಿನಾಯಿತಿ ಕೊಟ್ಟಿದ್ದರು. ಅಂದರೆ ದುಡ್ಡಿದ್ದವರಿಗೆ ಬೀಗ, ಇಲ್ಲದವರಿಗೆ ತೆರೆದ ಬಾಗಿಲು!

2018ರಲ್ಲಿ ಸ್ಪೆಕ್ ಎಂಬ ಹಗುರವಾದ ವಿಧಾನವನ್ನು ಕರ್ನೆಲ್‌ಗೆ ಸೇರಿಸಿದರು. ಅದನ್ನು ರೂಪಿಸಿದ್ದು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ. ಸ್ಪೆಕ್ ಪೂರ್ತಿ ಮುರಿದಿದೆಯೆಂದು ಯಾರೂ ತೋರಿಸಿರಲಿಲ್ಲ, ಆದರೂ ಬಹಳ ಜನಕ್ಕೆ ನಂಬಿಕೆ ಬರಲಿಲ್ಲ. ಗೂಗಲ್ ಅದನ್ನು ಬಳಸುವ ಯೋಚನೆ ಬಿಟ್ಟಿತು. ಅದೇ ವರ್ಷ ಸ್ಪೆಕ್ ಕೋಡನ್ನು ಕಿತ್ತುಹಾಕಿದರು. ಬಳಸುವವರಿಲ್ಲದ ಕೋಡನ್ನು ಇಟ್ಟುಕೊಂಡರೆ ಅದನ್ನೂ ಕಾಯಬೇಕಲ್ಲ! ಕರ್ನೆಲ್ ನೋಡಿಕೊಳ್ಳುವವರಿಗೆ ಸೇರಿಸುವಷ್ಟೇ ತೆಗೆಯುವುದೂ ಕೆಲಸ.

ಬದಲಿಗೆ ಪಾಲ್ ಕ್ರೌಲಿ ಮತ್ತು ಎರಿಕ್ ಬಿಗ್ಗರ್ಸ್ ಅಡಿಯಾಂಟಮ್ ರೂಪಿಸಿದರು. (ಬಾವಿಯ ಗೋಡೆಯಲ್ಲಿ ಬೆಳೆಯುವ ಜರೀಗಿಡವೊಂದರ ಹೆಸರೂ ಇದೇ.) ಎಇಎಸ್ ಒಂದು ಸಲಕ್ಕೆ 16 ಬೈಟ್ ಮಾತ್ರ ತಿರುಗಿಸುತ್ತದೆ. 4096 ಬೈಟ್‌ಗೆ ಎಷ್ಟು ಸಲ? ಭಾಗಿಸಿ ನೋಡಿ, 256. ಅಡಿಯಾಂಟಮ್‌ನಲ್ಲಿ ಎಇಎಸ್ ಬರುವುದು ಒಂದೇ ಸಲ. ಉಳಿದದ್ದರಲ್ಲಿ ಬಹುಪಾಲನ್ನು ಚಾಚಾ ಎಂಬ ವಿಧಾನ ಮಾಡುತ್ತದೆ. ಅದಕ್ಕೆ ಬೇಕಾದದ್ದು ಕೂಡುವುದು, ಬಿಟ್‌ಗಳನ್ನು ಸುತ್ತಿಸುವುದು, ಹೋಲಿಸಿ ಬದಲಿಸುವುದು ಇಷ್ಟೇ. ಯಾವ ಪ್ರೊಸೆಸರಾದರೂ ಇದನ್ನು ಬೇಗ ಮಾಡುತ್ತದೆ. ಕಾರ್ಟೆಕ್ಸ್ ಎ7ರಲ್ಲಿ ವೇಗ ಸುಮಾರು ಐದು ಪಟ್ಟು ಹೆಚ್ಚಿತು.

ತಿರುಪ್ಪೂರಿನ ಡೈಯಿಂಗ್‌ನವರು ಬಟ್ಟೆಗೆ ಬಣ್ಣ ಹಾಕುವ ಮೊದಲು ಸಣ್ಣ ತುಂಡನ್ನು ಅದ್ದಿ, ಪಾರ್ಟಿ ಕೊಟ್ಟ ಸ್ಯಾಂಪಲ್ಲಿಗೆ ಹೋಲಿಸುತ್ತಾರಲ್ಲ? ಕರ್ನೆಲ್‌ನಲ್ಲೂ ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳಿವೆ. ಹೊಸ ಕೋಡಿನ ಉತ್ತರ ಒಂದು ಬಿಟ್ ತಪ್ಪಿದರೂ ಪರೀಕ್ಷೆಯಲ್ಲಿ ಫೇಲ್.

2019ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.0ರಲ್ಲಿ ಅಡಿಯಾಂಟಮ್ ಸೇರಿತು. ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬರುವ ಹೊಸ ಫೋನುಗಳಿಗೆಲ್ಲ ಗೂಢಲಿಪಿ ಕಡ್ಡಾಯವಾಯಿತು, ಅಗ್ಗದವಕ್ಕೂ.