ಚರಂಡಿಗೆ ಏನು ಬಿಡಬಹುದು, ಏನು ಬಿಡಬಾರದು?

ವಾರ್ಡಿನ ಶೌಚಾಲಯ ಕಟ್ಟಿಕೊಂಡಾಗ ಕೊಳವೆಯಿಂದ ಹೊರಬರುವುದು ಹೆಚ್ಚಾಗಿ ಇವೇ: ಸ್ಯಾನಿಟರಿ ಪ್ಯಾಡ್, ಮಗುವಿನ ಡೈಪರ್, ಗಾಯಕ್ಕೆ ಕಟ್ಟಿದ್ದ ಹತ್ತಿ, ಜಗಿದ ಎಲೆಅಡಿಕೆ, ಗುಟ್ಕಾ ಚೀಟಿ. ಇವು ನೀರಿನಲ್ಲಿ ಕರಗುವುದಿಲ್ಲ. ಪ್ಯಾಡ್ ಮತ್ತು ಡೈಪರ್ ನೀರು ಕುಡಿದು ಉಬ್ಬಿ ಕೊಳವೆಯನ್ನೇ ಮುಚ್ಚುತ್ತವೆ. ಮಲ, ಮೂತ್ರ, ಸ್ನಾನದ ನೀರು, ಸಾಬೂನು ನೀರು - ರೋಗಿಗಳೂ ಜೊತೆಗಿರುವವರೂ ಒಳಚರಂಡಿಗೆ ಬಿಡಬಹುದಾದದ್ದು ಇಷ್ಟೇ.

ಈ ವಿಷಯದಲ್ಲಿ ಕಾಯಿದೆಯೂ ಇದೆ. ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಸಾರ್ವಜನಿಕ ಒಳಚರಂಡಿಗೆ ಬಿಡುವ ತ್ಯಾಜ್ಯನೀರಿನ ಒಂದು ಲೀಟರಿನಲ್ಲಿ ಎಣ್ಣೆ-ಜಿಡ್ಡು 20 ಮಿಲಿಗ್ರಾಂ ಮೀರಬಾರದು. ನೇರವಾಗಿ ಹೊಳೆ, ಕೆರೆಗೆ ಬಿಡುವುದಾದರೆ ಮಿತಿ 10 ಮಿಲಿಗ್ರಾಂ. ಚರಂಡಿಯ ಕೊನೆಯಲ್ಲಿ ಶುದ್ಧೀಕರಣ ಘಟಕವಿರುತ್ತದೆ ಎಂಬ ಲೆಕ್ಕದ ಮೇಲೆ ಈ ರಿಯಾಯಿತಿ. ಘಟಕವಿಲ್ಲದ ಕಡೆ ಆಸ್ಪತ್ರೆಗಳಿಗೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಇನ್ನೂ ಬಿಗಿಯಾಗಿವೆ. ಸಂಸ್ಕರಿಸಿದ ನೀರಿನಲ್ಲಿ ಮೀನು ಬಿಟ್ಟರೆ 96 ಗಂಟೆಗಳ ನಂತರವೂ ನೂರಕ್ಕೆ 90 ಮೀನು ಬದುಕಿರಬೇಕು! ಯಂತ್ರವಿಲ್ಲದೆಯೂ ಯಾರಿಗೂ ಅರ್ಥವಾಗುವ ಪರೀಕ್ಷೆ ಇದು.

ನಮ್ಮ ಭಾಗದಲ್ಲಿ ಇದು ದೂರದ ಮಾತಲ್ಲ. ಕಡೂರಿನ ಕಡೆಯ ನೀರು ವೇದಾವತಿಗೆ, ತರೀಕೆರೆ ಕಡೆಯದು ಭದ್ರೆಗೆ ಹೋಗುತ್ತದೆ. 2019ರಲ್ಲಿ ಅಜ್ಜಂಪುರದ ಬಳಿಯ ಸುರಂಗದ ಮೂಲಕ ಭದ್ರೆಯ ನೀರನ್ನೂ ವೇದಾವತಿ ಕಡೆಗೆ ಹರಿಸತೊಡಗಿದರು. ಆ ನೀರು ಸೇರುವ ವಾಣಿವಿಲಾಸ ಸಾಗರ ಹಿರಿಯೂರು, ಚಿತ್ರದುರ್ಗದ ಜನರಿಗೆ ಕುಡಿಯುವ ನೀರಿನ ಆಸರೆ.

ಕಟ್ಟಿಕೊಂಡ ಕೊಳವೆಯನ್ನು ಬಿಡಿಸುವವರು ಯಾರು? ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ, ಶೌಚಗುಂಡಿಗೆ ಇಳಿಸುವುದನ್ನು 2013ರ ಕೇಂದ್ರ ಕಾಯಿದೆ ಅಪರಾಧವೆನ್ನುತ್ತದೆ. ಒಳಗಿನ ವಿಷಾನಿಲ ಕ್ಷಣದಲ್ಲೇ ಪ್ರಾಣ ತೆಗೆಯಬಲ್ಲದು. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಕಾಯಿದೆ ಬಂದ ಮೇಲೂ ಸಾವು ನಿಂತಿಲ್ಲ ಎಂಬುದೇ ಇದರ ಅರ್ಥ.

ಆದ್ದರಿಂದ ತಾವು ದಯವಿಟ್ಟು ಗಮನಿಸಿ. ಪ್ಯಾಡ್, ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿ, ಯಾವ ಬಕೆಟ್ಟಿಗೆ ಹಾಕಬೇಕೆಂದು ನರ್ಸ್ ಅವರನ್ನು ಕೇಳಿ. ರಕ್ತ, ಕೀವು ತಗುಲಿದ ಬ್ಯಾಂಡೇಜು ಹಳದಿ ಬಕೆಟ್ಟಿಗೆ ಹೋಗಬೇಕು. ಮೂತ್ರದ ಚೀಲ ಅಥವಾ ಗಾಯದ ನಳಿಕೆಯ ಚೀಲ ತುಂಬಿದರೆ ತಾವೇ ಬೇಸಿನ್ನಿಗೆ ಸುರಿಯದೆ ನರ್ಸ್ ಅವರನ್ನು ಕರೆಯಿರಿ. ರಾತ್ರಿಯಾಗಿದ್ದರೂ ಸಂಕೋಚ ಬೇಡ. ಮಿಕ್ಕ ಮಾತ್ರೆ, ಸಿರಪ್ಪನ್ನು ಔಷಧ ವಿಭಾಗಕ್ಕೆ ಕೊಡಿ. ಇನ್ಸುಲಿನ್ ಸೂಜಿಯನ್ನಂತೂ ಎಲ್ಲೆಂದರಲ್ಲಿ ಬಿಸಾಡಬೇಡಿ. ಊಟದ ಡಬ್ಬಿ ತೊಳೆಯುವ ಮೊದಲು ಮಿಕ್ಕ ಅನ್ನ, ಸಾರಿನ ಹೋಳುಗಳನ್ನು ಕಸದ ಬುಟ್ಟಿಗೆ ಹಾಕಿ, ಬರೀ ಮುಸುರೆ ನೀರು ಮಾತ್ರ ಬೇಸಿನ್ನಿಗೆ ಬಿಡಿ. ನೀರು ನಿಧಾನವಾಗಿ ಇಳಿಯುತ್ತಿದ್ದರೆ ಕಡ್ಡಿ ಹಾಕಿ ತಿವಿಯದೆ ಆಗಲೇ ಸಿಬ್ಬಂದಿಗೆ ತಿಳಿಸಿ.