ಹೆವಿ ಲೈಸೆನ್ಸಿಗೆ ಎಂಟನೇ ಕ್ಲಾಸು ಬೇಕೇ?

ಪ್ರಶ್ನೆ: ನನಗೆ 19 ವರ್ಷ. ಏಳನೇ ತರಗತಿವರೆಗೆ ಓದಿದ್ದೇನೆ. ಕಾರಿನ ಲೈಸೆನ್ಸ್ ಬಂದು ಎಂಟು ತಿಂಗಳಾಯಿತು. ಮಾವನ ಹತ್ತು ಚಕ್ರದ ಲಾರಿಯಲ್ಲಿ ಕ್ಲೀನರ್ ಆಗಿ ಹೋಗುತ್ತಿದ್ದೇನೆ. ಹೆವಿ ಲೈಸೆನ್ಸ್ ಮಾಡಿಸೋಣವೆಂದರೆ, ಎಂಟನೇ ತರಗತಿಯ ಟಿ.ಸಿ. ಬೇಕೇ ಬೇಕು, ಇಲ್ಲದಿದ್ದರೆ ಅದಕ್ಕೂ ಒಂದು ದಾರಿ ಮಾಡಿಕೊಡುತ್ತೇನೆ, ಖರ್ಚು ಜಾಸ್ತಿ ಆಗುತ್ತದೆ ಎಂದು ಏಜೆಂಟರು ಹೇಳುತ್ತಾರೆ. ಕರ್ನಾಟಕದಲ್ಲಿ ಲಾರಿ ಲೈಸೆನ್ಸ್ ಪಡೆಯುವ ಸರಿಯಾದ ಕ್ರಮ ಯಾವುದು?
— ಒಬ್ಬ ಓದುಗ, ಚಳ್ಳಕೆರೆ

ಉತ್ತರ: ಎಂಟನೇ ತರಗತಿಯ ಟಿ.ಸಿ. ಬೇಕಿಲ್ಲ. ಅದಕ್ಕಾಗಿ ಯಾರಿಗೂ ಒಂದು ರೂಪಾಯಿಯನ್ನೂ ಕೊಡಬೇಡಿ.

ಒಂದು ಕಾಲಕ್ಕೆ ಅದು ಬೇಕಾಗಿತ್ತು, ನಿಜ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 8ನೇ ನಿಯಮದ ಪ್ರಕಾರ ಸಾರಿಗೆ ವಾಹನ ಓಡಿಸುವವರು ಕನಿಷ್ಠ ಎಂಟನೇ ತರಗತಿ ಪಾಸಾಗಿರಬೇಕಿತ್ತು. ಹರಿಯಾಣದ ಮೇವಾತ್ ಭಾಗದಲ್ಲಿ ಚಾಲನೆಯನ್ನೇ ನಂಬಿ ಬದುಕುವ, ಕೈಯಲ್ಲಿ ಕಸುಬಿದ್ದರೂ ಶಾಲೆಯ ಕಾಗದವಿಲ್ಲದ ಬಡವರಿಗಾಗಿ ಅಲ್ಲಿನ ಸರ್ಕಾರ ಕೇಂದ್ರಕ್ಕೆ ಮನವಿ ಮಾಡಿತು. ಅದರ ಫಲವಾಗಿ 2019ರಲ್ಲಿ ಈ ಷರತ್ತನ್ನು ಇಡೀ ದೇಶಕ್ಕೇ ತೆಗೆದುಹಾಕಿದರು. ಇಷ್ಟು ವರ್ಷ ಕಳೆದ ಮೇಲೂ ಆ ಹಳೆಯ ಷರತ್ತನ್ನು ತೋರಿಸಿ ಹಳ್ಳಿಯ ಹುಡುಗರನ್ನು ಹೆದರಿಸುತ್ತಾರೆಂದರೆ ಅದು ಅನ್ಯಾಯ. ಅವರು ಹೇಳುವ ‘ದಾರಿ’ ಎಂದರೆ ಸುಳ್ಳು ಟಿ.ಸಿ. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಕೇಸು ನಿಮ್ಮ ಮೇಲೆ, ಲೈಸೆನ್ಸ್ ಹೋಗುವುದೂ ನಿಮ್ಮದೇ. ಬೇಡದ ಕಾಗದಕ್ಕಾಗಿ ಅಪರಾಧ ಮಾಡಿಸುವವರ ಬಾಗಿಲಿಗೆ ಮತ್ತೆ ಹೋಗಬೇಡಿ.

ಇನ್ನು ವಯಸ್ಸು. ಇಲ್ಲಿ ನೀವು ಸ್ವಲ್ಪ ಕಾಯಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 4ನೇ ಕಲಮಿನಂತೆ 18 ತುಂಬಿದವರು ಕಾರು ಓಡಿಸಬಹುದು. ಸಾರಿಗೆ ವಾಹನಕ್ಕೆ 20 ತುಂಬಿರಬೇಕು. 20 ತುಂಬುವ ಮುಂಚೆ ಕಲಿಕಾ ಲೈಸೆನ್ಸ್ ಕೂಡ ಸಿಗುವುದಿಲ್ಲ. ಜೊತೆಗೆ 7ನೇ ಕಲಮಿನ ಷರತ್ತು ಇದೆ: ಕಾರಿನ, ಅಂದರೆ ಲಘು ಮೋಟಾರು ವಾಹನದ ಲೈಸೆನ್ಸ್ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು. ಈ ವರ್ಷವನ್ನು ಕಾಯಂ ಲೈಸೆನ್ಸ್ ಬಂದ ದಿನದಿಂದ ಎಣಿಸಬೇಕು. ‘ಎಲ್ಎಲ್’ ಇದ್ದ ತಿಂಗಳುಗಳು ಲೆಕ್ಕಕ್ಕಿಲ್ಲ, ಬೈಕಿನ ಲೈಸೆನ್ಸೂ ಲೆಕ್ಕಕ್ಕಿಲ್ಲ. ನಿಮಗೆ ಎಂಟು ತಿಂಗಳಾಗಿದೆ, ಇನ್ನು ನಾಲ್ಕು ಬೇಕು. ಅದು ಮತ್ತು 20ನೇ ಹುಟ್ಟುಹಬ್ಬ, ಎರಡರಲ್ಲಿ ಯಾವುದು ಕೊನೆಗೆ ಬರುತ್ತದೋ ಆ ದಿನದಿಂದ ನೀವು ಅರ್ಜಿ ಹಾಕಲು ಅರ್ಹರು.

ಇಲ್ಲೊಂದು ವಿಷಯದಲ್ಲಿ ಬಹಳ ಜನ ಗೊಂದಲಪಡುತ್ತಾರೆ. ವಾಹನದ ತೂಕವೂ ಅದರಲ್ಲಿ ಹೇರಬಹುದಾದ ಲೋಡಿನ ತೂಕವೂ ಸೇರಿ 7,500 ಕಿಲೋ ದಾಟದಿದ್ದರೆ ಅದು ಕಾನೂನಿನ ಕಣ್ಣಿನಲ್ಲಿ ಲಘು ವಾಹನ. ಟಾಟಾ ಏಸ್, ಪಿಕಪ್, 407 ಎಲ್ಲ ಇದರೊಳಗೆ ಬರುತ್ತವೆ. ಇವನ್ನು ಬಾಡಿಗೆಗೆ ಓಡಿಸಲು ಕಾರಿನ ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಅದನ್ನೇ ಎತ್ತಿಹಿಡಿಯಿತು. ಹಾಗೆಂದು 19ರ ನೀವು ನಾಳೆಯೇ ಬಾಡಿಗೆ ಪಿಕಪ್ ಹತ್ತುವಂತಿಲ್ಲ, 20ರ ಮಿತಿ ಅಲ್ಲಿಗೂ ಇದೆ. ಆದರೆ 20 ತುಂಬಿದ ಕೂಡಲೇ ಆ ಕೆಲಸ ನಿಮಗೆ ತೆರೆದಿರುತ್ತದೆ, ಹೆವಿ ಲೈಸೆನ್ಸಿಗೆ ಕಾಯುತ್ತ ಮನೆಯಲ್ಲಿ ಕೂರಬೇಕಿಲ್ಲ. ಮಾವನ ಹತ್ತು ಚಕ್ರದ ಗಾಡಿಯ ಮಾತೇ ಬೇರೆ. ಲೋಡ್ ಸೇರಿ ಅದು 28 ಟನ್ನಿನ ಆಸುಪಾಸು ತೂಗುತ್ತದೆ. 12 ಟನ್ ದಾಟಿದ್ದೆಲ್ಲ ಭಾರಿ ಸರಕು ವಾಹನ.

ಕ್ರಮ ದೊಡ್ಡದೇನಲ್ಲ. ಕೇಂದ್ರ ಸಾರಿಗೆ ಇಲಾಖೆಯ ‘ಸಾರಥಿ’ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಚಳ್ಳಕೆರೆಯವರಿಗೆ ಚಿತ್ರದುರ್ಗದ ಆರ್‌ಟಿಒ, ಕೆಎ-16. ಮೊದಲು ಸಾರಿಗೆ ವಾಹನದ ಕಲಿಕಾ ಲೈಸೆನ್ಸ್. ಅದರ ಆಯುಸ್ಸು ಆರು ತಿಂಗಳು. ಅದು ಬಂದು 30 ದಿನ ಕಳೆದ ಮೇಲೆ ಚಾಲನಾ ಪರೀಕ್ಷೆ. ನಮೂನೆ 1-ಎ ಎಂಬ ವೈದ್ಯಕೀಯ ಪ್ರಮಾಣಪತ್ರಕ್ಕೆ ನೋಂದಾಯಿತ ವೈದ್ಯರ ಸಹಿ ಬೇಕು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಬರುತ್ತದೆಯೇ, ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುತ್ತವೆಯೇ, ಇರುಳುಗಣ್ಣು ಇದೆಯೇ, ಕಿವಿ ಸರಿಯಾಗಿ ಕೇಳುತ್ತದೆಯೇ ಎಂದೆಲ್ಲ ಅದರಲ್ಲಿ ಕೇಳುತ್ತಾರೆ. ಇದನ್ನು ಕೇವಲ ಸಹಿ ಹಾಕಿಸುವ ಕಾಗದವೆಂದು ತಿಳಿಯಬೇಡಿ. ರಾತ್ರಿ ಲಾರಿ ಓಡಿಸಲು ಹೊರಟವರು ಈ ನೆಪದಲ್ಲಾದರೂ ಕಣ್ಣು ತೋರಿಸಿಕೊಳ್ಳಲಿ. ಕಲಿಕಾ ಲೈಸೆನ್ಸಿಗೆ 150 ರೂಪಾಯಿ, ಚಾಲನಾ ಪರೀಕ್ಷೆಗೆ 300, ಹೀಗೆ 2016ರ ಕೊನೆಯಲ್ಲಿ ಕೇಂದ್ರ ನಿಗದಿ ಮಾಡಿದ ಶುಲ್ಕಗಳಿವೆ. ಎಲ್ಲ ಸೇರಿದರೂ ಸರ್ಕಾರಕ್ಕೆ ಕಟ್ಟುವುದು ಹೆಚ್ಚೇನಿಲ್ಲ. ದೊಡ್ಡ ಖರ್ಚೆಂದರೆ ಡ್ರೈವಿಂಗ್ ಶಾಲೆಯದು.

ಶಾಲೆ ಬೇಕೇ, ಮಾವನ ಹತ್ತಿರವೇ ಕಲಿತರೆ ಆಗದೇ ಎಂದು ನೀವು ಕೇಳಬಹುದು. ಸಾರಿಗೆ ವಾಹನಕ್ಕೆ ನಮೂನೆ 5 ಕಡ್ಡಾಯ. ಇಂಥವರು ನಮ್ಮಲ್ಲಿ ತರಬೇತಿ ಮುಗಿಸಿದ್ದಾರೆ ಎಂದು ಮಾನ್ಯತೆ ಪಡೆದ ಶಾಲೆ ಬರೆದುಕೊಡುವ ಪ್ರಮಾಣಪತ್ರ ಅದು. ನಿಯಮದ ಪ್ರಕಾರ ಭಾರಿ ವಾಹನದ ತರಬೇತಿ 30 ದಿನಕ್ಕೆ ಕಡಿಮೆ ಇರಬಾರದು. ಸ್ಟಿಯರಿಂಗ್ ಹಿಡಿದು ಓಡಿಸುವುದಕ್ಕೂ ಇಂತಿಷ್ಟು ತಾಸು ಎಂದು ಗೊತ್ತುಮಾಡಿದ್ದಾರೆ. ಶಾಲೆಯವರು ನಮೂನೆ 15 ಎಂಬ ರಿಜಿಸ್ಟರ್ ಇಡಬೇಕು. ಅದರಲ್ಲಿ ಕಲಿಯುವ ಒಬ್ಬೊಬ್ಬನಿಗೂ ದಿನಾಂಕ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಓಡಿಸಿದ, ಯಾವ ವರ್ಗದ ವಾಹನ ಎಂದು ಬರೆದು ಕಲಿಸಿದವರೂ ಕಲಿತವರೂ ಸಹಿ ಹಾಕಬೇಕು.

ಇಡೀ ವ್ಯವಸ್ಥೆ ಸಡಿಲವಾಗಿರುವುದು ಇಲ್ಲೇ. ನೀವು ಸ್ಟಿಯರಿಂಗ್ ಮುಟ್ಟದಿದ್ದರೂ ಆ ಖಾನೆಗಳನ್ನು ಒಂದೇ ಸಲಕ್ಕೆ ತುಂಬಿ, ‘ಇಲ್ಲಿ, ಇಲ್ಲಿ, ಇಲ್ಲಿ’ ಎಂದು ಬೆರಳಿಟ್ಟು ತೋರಿಸಿ ಸಹಿ ಹಾಕಿಸಿಕೊಳ್ಳುವವರಿದ್ದಾರೆ. ಕ್ಲೀನರ್ ಆಗಿರುವ ಹುಡುಗ ಎಂದರೆ ಅವರಿಗೆ ಇನ್ನೂ ಸುಲಭ, ‘ನಿನಗೆ ಬರುತ್ತಲ್ಲ ಬಿಡು’ ಎನ್ನುತ್ತಾರೆ. ದಯವಿಟ್ಟು ಓಡಿಸದ ತಾಸಿಗೆ ಸಹಿ ಹಾಕಬೇಡಿ. ದುಡ್ಡು ಕೊಡುತ್ತಿರುವುದು ಆ ತಾಸುಗಳಿಗೆ; ಕೈಬಿಟ್ಟ ತಾಸು ನಿಮ್ಮ ನಷ್ಟ. ಸೇರುವ ಮುಂಚೆ ಶಾಲೆಯ ಗಾಡಿ ನೋಡಿಕೊಳ್ಳಿ. ಹಳೆಯ ಆರು ಚಕ್ರದ ಗಾಡಿ ಒಂದೇ ಇದ್ದು, ಮೈದಾನ ಸುತ್ತಿಸಿ ಕಳಿಸುವವರಾದರೆ ಬೇರೆ ಶಾಲೆ ಹುಡುಕಿ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳೆಂಬ ಹೊಸ ವ್ಯವಸ್ಥೆ 2021ರ ಜುಲೈಯಿಂದ ಜಾರಿಯಲ್ಲಿದೆ. ಅಲ್ಲಿ ಭಾರಿ ವಾಹನಕ್ಕೆ ಆರು ವಾರಗಳಲ್ಲಿ 38 ತಾಸಿನ ಪಾಠ. ಅಲ್ಲಿ ಪಾಸಾದವರಿಗೆ ಆರ್‌ಟಿಒದ ಚಾಲನಾ ಪರೀಕ್ಷೆ ಇರುವುದಿಲ್ಲ. ಕೆಎಸ್‌ಆರ್‌ಟಿಸಿ ಕೂಡ ಭಾರಿ ವಾಹನ ತರಬೇತಿ ನಡೆಸುತ್ತದೆ, ಪರಿಶಿಷ್ಟ ಜಾತಿ ಪಂಗಡದ ಯುವಕರಿಗೆ ಉಚಿತವಾಗಿ ಕಲಿಸಿದ್ದೂ ಇದೆ. ಡಿಪೋದಲ್ಲಿ ಒಮ್ಮೆ ವಿಚಾರಿಸಿ.

ಪರೀಕ್ಷೆಯ ದಿನ ನೀವು ಕೇಳಿದ ವರ್ಗದ ಗಾಡಿಯನ್ನೇ ಒಯ್ಯಬೇಕು. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲವೂ ಆಗದಿದ್ದರೆ ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು. ಫೇಲಾಗುವುದರಲ್ಲಿ ಅವಮಾನವೇನಿಲ್ಲ.

ಆದರೆ ಆ ಪರೀಕ್ಷೆಗೆ ಸಾಮಾನ್ಯವಾಗಿ ಖಾಲಿ ಗಾಡಿ, ಸಮತಟ್ಟು ನೆಲ. ಖಾಲಿ ಲಾರಿ ಓಡಿಸಲು ಬಂದವನಿಗೆ ಲೋಡ್ ಲಾರಿ ನಿಲ್ಲಿಸಲು ಬರುತ್ತದೆಂದು ಹೇಳಲಾಗದು. ಸಕಲೇಶಪುರ ಬಿಟ್ಟು ದೋಣಿಗಲ್ ದಾಟಿ ಶಿರಾಡಿ ಘಾಟಿ ಇಳಿಯುವ ಲಾರಿಯ ಕ್ಯಾಬಿನ್ನಿನಲ್ಲಿ ನೀವು ಕೂತಿರಬಹುದು. ಅನುಭವಸ್ಥ ಡ್ರೈವರ್ ಅಲ್ಲಿ ಏನು ಮಾಡುತ್ತಾರೆಂದು ಮುಂದಿನ ಸಲ ಕಣ್ಣಿಟ್ಟು ನೋಡಿ. ಇಳಿಜಾರು ಶುರುವಾಗುವ ಮುಂಚೆಯೇ ಗೇರು ಇಳಿಸುತ್ತಾರೆ, ಅರ್ಧ ಇಳಿದ ಮೇಲಲ್ಲ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು, ಸಾಧ್ಯವಾದರೆ ಇನ್ನೊಂದು ಕೆಳಗೆ. ಎಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ, ಎಕ್ಸಾಸ್ಟ್ ಬ್ರೇಕ್ ಅದಕ್ಕೆ ಜೊತೆಯಾಗುತ್ತದೆ. ಕಾಲಿನ ಬ್ರೇಕನ್ನು ಆಗಾಗ ಒತ್ತಿ ಬಿಡುತ್ತಾರಷ್ಟೆ. ಕಣ್ಣು ನಡುನಡುವೆ ಗಾಳಿಯ ಮೀಟರಿನ ಮುಳ್ಳಿನ ಮೇಲೆ ಹೋಗುತ್ತದೆ. ಏರ್ ಬ್ರೇಕಿನಲ್ಲಿ ಪ್ರತಿ ಸಲ ಪೆಡಲ್ ಒತ್ತಿದಾಗಲೂ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ. ಒತ್ತುತ್ತಲೇ ಇದ್ದರೆ ಕಂಪ್ರೆಸರ್ ತುಂಬಿಕೊಡುವುದಕ್ಕಿಂತ ಬೇಗ ಗಾಳಿ ಇಳಿಯುತ್ತದೆ. ಅತ್ತ ಚಕ್ರದೊಳಗಿನ ಡ್ರಮ್ ಕಾದು ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ಲೈನರಿನ ಆ ಘಾಟು ಮೂಗಿಗೆ ಬಂತೆಂದರೆ ಬ್ರೇಕ್ ಸೋಲತೊಡಗಿದೆ ಎಂದೇ ಅರ್ಥ. ಆಗ ಗಾಡಿ ಬದಿಗೆ ನಿಲ್ಲಿಸಿ ಆರಲು ಬಿಡಬೇಕು. ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರಿದ್ದಾರೆ. ಅವರ ಪಕ್ಕ ಕೂತು ಏನನ್ನೂ ಕಲಿಯಬೇಡಿ.

ಹಿಂದಿನವರಿಗೆ ಈ ಪಾಠವೆಲ್ಲ ಆಗುತ್ತಿದ್ದದ್ದು ಕ್ಲೀನರ್ ಸೀಟಿನಲ್ಲಿ. ಟಾರ್ಪಾಲಿನ್ ಕಟ್ಟುವುದು, ಸುತ್ತಿಗೆಯಲ್ಲಿ ಟೈರು ಬಡಿದು ಸದ್ದಿನಲ್ಲೇ ಗಾಳಿ ತಿಳಿಯುವುದು, ರಿವರ್ಸಿಗೆ ಹಿಂದೆ ನಿಂತು ಕೈ ತೋರಿಸುವುದು, ವರ್ಷಗಟ್ಟಲೆ ಇದೇ. ಬಳ್ಳಾರಿ, ಹುಬ್ಬಳ್ಳಿ, ದಾವಣಗೆರೆ ಕಡೆಯ ಹಳೆಯ ಡ್ರೈವರುಗಳಲ್ಲಿ ಬಹಳ ಮಂದಿ ಹೀಗೇ ಬಂದವರು. ಈಗ ಖರ್ಚು ಉಳಿಸಲು ಎಷ್ಟೋ ಮಾಲೀಕರು ಕ್ಲೀನರ್ ಇಲ್ಲದೆಯೇ ಗಾಡಿ ಕಳಿಸುತ್ತಾರೆ. ಕ್ಯಾಬಿನ್ನಿನ ಪಾಠ ನಿಂತಿತು, ಅದರ ಜಾಗಕ್ಕೆ ಬರಬೇಕಾದ ಶಾಲೆಯ ಪಾಠ ಅನೇಕ ಕಡೆ ಕಾಗದದಲ್ಲೇ ಉಳಿಯಿತು. ಹೊಸ ಡ್ರೈವರುಗಳು ಘಾಟಿಯಲ್ಲಿ ತಡವರಿಸುವುದಕ್ಕೆ ಇದೇ ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ. ನಿಮಗೆ ಎರಡೂ ಸಿಗುವ ಅವಕಾಶವಿದೆ. ಈ ತಿಂಗಳುಗಳನ್ನು ಕಾಯುವ ಕಾಲವೆಂದು ಬೇಸರಪಡಬೇಡಿ.

ಆದರೆ ಒಂದು ಎಚ್ಚರ. ‘ಬಂಕಿನಿಂದ ಸ್ವಲ್ಪ ಹೊರಗೆ ತೆಗಿ’, ‘ಬೈಪಾಸಿನಲ್ಲಿ ಅರ್ಧ ತಾಸು ಹಿಡಿ, ನಾನು ಮಲಗುತ್ತೇನೆ’ ಎಂದು ಮಾವ ಹೇಳಿದರೂ ಕಲಿಕಾ ಲೈಸೆನ್ಸ್ ಬರುವವರೆಗೆ ಸ್ಟಿಯರಿಂಗ್ ಹಿಡಿಯಬೇಡಿ. ಏನಾದರೂ ಆದರೆ ವಿಮಾ ಕಂಪನಿ ಸತ್ತವರ ಮನೆಯವರಿಗೆ ಪರಿಹಾರ ಕೊಟ್ಟು, ಆ ಹಣವನ್ನು ಲಾರಿ ಮಾಲೀಕರಿಂದ ವಸೂಲಿ ಮಾಡಿಕೊಳ್ಳುವಂತೆ ನ್ಯಾಯಾಲಯ ಹೇಳಬಹುದು. ಮಾವನ ಲಾರಿಯ ಜೊತೆ ಹೊಲ ಮನೆಯೂ ಹೋದಾವು. ಕಲಿಕಾ ಲೈಸೆನ್ಸ್ ಬಂದ ಮೇಲೆ, ಹಿಂದೆ ಮುಂದೆ ‘ಎಲ್’ ಬೋರ್ಡ್ ಹಾಕಿ, ಹೆವಿ ಲೈಸೆನ್ಸ್ ಇರುವ ಮಾವ ಎಚ್ಚರವಾಗಿ ಪಕ್ಕದಲ್ಲೇ ಕೂತು, ಗಾಡಿ ಖಾಲಿ ಇರುವಾಗ ಕಲಿಯಲು ಅಡ್ಡಿಯಿಲ್ಲ.

ಲೈಸೆನ್ಸ್ ಬಂದ ಮೇಲೆ ಕಾರ್ಡಿನಲ್ಲಿ ಎರಡು ತಾರೀಖು ಇರುತ್ತವೆ, ಒಂದು ಕಾರಿನದು, ಇನ್ನೊಂದು ಸಾರಿಗೆ ವಾಹನದ್ದು. ಮೊದಲು ಮೂರು ವರ್ಷಕ್ಕೆ ಮುಗಿಯುತ್ತಿದ್ದ ಸಾರಿಗೆ ಲೈಸೆನ್ಸ್ 2019ರ ತಿದ್ದುಪಡಿಯ ನಂತರ ಐದು ವರ್ಷ ನಡೆಯುತ್ತದೆ. ಅದೇ ತಿದ್ದುಪಡಿ, ಅವಧಿ ಮುಗಿದ ಮೇಲೂ ಇದ್ದ 30 ದಿನದ ರಿಯಾಯಿತಿಯನ್ನು ತೆಗೆದುಹಾಕಿದೆ. ಮುಗಿದ ಮಾರನೆಯ ದಿನದಿಂದಲೇ ಲೈಸೆನ್ಸ್ ಇಲ್ಲದವನ ಲೆಕ್ಕ. ಒಂದು ವರ್ಷ ಮೀರಿದರೆ ಮತ್ತೆ ಪರೀಕ್ಷೆ ಕೊಡಬೇಕು.

ಮುಂದೆ ಮಂಗಳೂರಿನಿಂದ ಗ್ಯಾಸ್, ಪೆಟ್ರೋಲ್ ಟ್ಯಾಂಕರ್ ಓಡಿಸುವ ಆಸೆ ಇದ್ದರೆ ಮಾತ್ರ ಓದು ಬರಹದ ಪ್ರಶ್ನೆ ಮತ್ತೆ ಬರುತ್ತದೆ. 9ನೇ ನಿಯಮದಂತೆ ಅಪಾಯಕಾರಿ ಸರಕಿನ ಚಾಲಕನಿಗೆ ಸಂವಿಧಾನದ ಎಂಟನೇ ಪರಿಚ್ಛೇದದ ಒಂದು ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು. ಮೂರು ದಿನದ ವಿಶೇಷ ತರಬೇತಿ ಮುಗಿಸಿ ಲೈಸೆನ್ಸಿನಲ್ಲಿ ನಮೂದಿಸಿಕೊಳ್ಳಬೇಕು. ಇದು ಸರಿಯಾದ ನಿಯಮ. 2013ರಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಹೊತ್ತಿಕೊಂಡಾಗ ರಸ್ತೆ ಬದಿಯ ಮನೆಗಳವರು ಪ್ರಾಣ ಕಳೆದುಕೊಂಡರು. ಟ್ಯಾಂಕರಿನ ಮೇಲಿರುವ ಎಚ್ಚರಿಕೆ ಫಲಕ ಓದಲು ಬರದವರು ಅದನ್ನು ಓಡಿಸಬಾರದು. ಏಳನೇ ತರಗತಿ ಓದಿದ ನಿಮಗೆ ಅಷ್ಟು ಇಂಗ್ಲಿಷ್ ಕಲಿಯುವುದು ಕಷ್ಟವಲ್ಲ, ಈಗಿನಿಂದಲೇ ಶುರುಮಾಡಿ.

ಕೊನೆಗೆ, ಈ ಉತ್ತರವನ್ನು ನಿಮ್ಮ ಮಾವನಿಗೂ ಓದಿ ಹೇಳಿ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಹೇಳಿತ್ತು: ಚಾಲಕನ ಕೆಲಸ ದಿನಕ್ಕೆ ಎಂಟು ತಾಸು, ವಾರಕ್ಕೆ 48. ನಿಮಗೆ ಹೆವಿ ಲೈಸೆನ್ಸ್ ಬಂದ ದಿನದಿಂದ ಒಂದೇ ಗಾಡಿಯಲ್ಲಿ ಇಬ್ಬರು ಡ್ರೈವರುಗಳಾಗುತ್ತೀರಿ. ಸರದಿ ಹಂಚಿಕೊಂಡು, ಇಬ್ಬರೂ ನಿದ್ದೆ ಮಾಡಿ ಓಡಿಸಿ.